ಪೊಲೀಸ್ ಸೀರೀಸ್ ನೋಡೋಕೆ ಒಂದು ಹಾಳೆ, ಒಂದು ಪೆನ್ನು

ಠಾಣೆಯಲ್ಲಿ 22 ವರ್ಷ ರೈಟರ್ ಆಗಿದ್ದವನು ನಾನು. ಕಳ್ಳರನ್ನು ಅಟ್ಟಿಸಿಕೊಂಡು ಹೋದವನಲ್ಲ, ದೂರು ಬರೆದುಕೊಂಡವನು. ಈಗ ಮೊಮ್ಮಗಳ ಜೊತೆ ಕೂತು ಪೊಲೀಸ್ ಸೀರೀಸ್ ನೋಡುತ್ತೇನೆ. ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೊಲೆಗಾರ ಯಾರು ಅನ್ನೋದು ಆಮೇಲೆ. ಮೊದಲು ದೂರು ತಂದವರನ್ನು ಎಲ್ಲಿ ಕೂರಿಸಿದ್ದಾರೆ ನೋಡಿ: ಕುರ್ಚಿಯಲ್ಲೋ, ಬೆಂಚಿನ ಮೇಲೋ, ಬಾಗಿಲ ಹೊರಗೋ. 2023ರ ‘ದಹಾಡ್’ ರಾಜಸ್ಥಾನದ ಕಥೆ. ಸೋದರಿ ಕಾಣೆಯಾಗಿದ್ದಾಳೆ ಎಂದು ಬಡವನೊಬ್ಬ ಠಾಣೆಗೆ ಅಲೆದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮುಸ್ಲಿಂ ಹುಡುಗನ ಜೊತೆ ಓಡಿಹೋದಳು ಅಂದದ್ದೇ ತಡ, ಫೈಲಿಗೆ ಕಾಲು ಬರುತ್ತದೆ. ಅದೇ ಠಾಣೆಯಲ್ಲಿ ದಲಿತ ಎಸ್‌ಐ ಅಂಜಲಿ ಭಾಟಿ ಹಾದುಹೋದಾಗಲೆಲ್ಲ ಸಿಬ್ಬಂದಿಯೊಬ್ಬ ಊದುಬತ್ತಿ ಹಚ್ಚುತ್ತಾನೆ. ಬೈಗುಳವಿಲ್ಲ, ಏನಿಲ್ಲ. ಅದನ್ನು ನೋಡಿ ನಾನು ರಿಮೋಟ್ ಕೆಳಗಿಟ್ಟೆ. ನಾನಿದ್ದ ಒಂದು ಠಾಣೆಯಲ್ಲಿ ಹೂಜಿ ಪಕ್ಕ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್‌ಗೆಂದೇ ಬೇರೆ ಸ್ಟೀಲ್ ಲೋಟ ಇತ್ತು, ತಳದಲ್ಲಿ ಕೆಂಪು ನೇಲ್‌ಪಾಲಿಶ್ ಚುಕ್ಕೆ. ದಿನಾ ನೋಡಿ ಸುಮ್ಮನಿದ್ದವರಲ್ಲಿ ನಾನೂ ಒಬ್ಬ.

ಇನ್ನು ಹಾಳೆ ತೊಗೊಳ್ಳಿ. ವಿಚಾರಣೆಯಲ್ಲಿ ಬಿದ್ದ ಒಂದೊಂದು ಏಟಿಗೂ ಒಂದು ಗೆರೆ. ಪಕ್ಕದಲ್ಲಿ, ಏಟು ತಿಂದವನು ನಿಜಕ್ಕೂ ತಪ್ಪು ಮಾಡಿದ್ದನೇ ಅಂತ ಬರೆಯಿರಿ. ಹೊಡೆದಾಗಲೆಲ್ಲ ನಿಜವೇ ಉದುರುತ್ತಿದ್ದರೆ ಕಥೆ ಬರೆದವರು ಲಾಠಿ ಪಾರ್ಟಿ. ಪೊಲೀಸರೆದುರು ಒಪ್ಪಿಕೊಂಡ ತಪ್ಪು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾನೂನೂ ಅದನ್ನು ಉಳಿಸಿಕೊಂಡಿದೆ. ಕೇಸು ನಿಲ್ಲುವುದು ಮಹಜರು (ಸ್ಥಳದಲ್ಲಿ ಕಂಡದ್ದನ್ನು ಬರೆದಿಡುವ ದಾಖಲೆ), ಅದಕ್ಕೆ ಸಾಕ್ಷಿಯಾದ ಪಂಚರ ಸಹಿ, ಸೀಲು ಹಾಕಿದ ಪೊಟ್ಟಣಗಳ ಮೇಲೆ. ಪರದೆ ಮೇಲೆ ಯಾರಾದರೂ ಮಹಜರು ಬರೆಯುತ್ತಾ ಕೂತರೆ ನನಗಂತೂ ಹಬ್ಬ. ಬಾಗಿಲು ಒಡೆಯುವ ಸೀನ್‌ಗಳನ್ನು ಲೆಕ್ಕಕ್ಕೇ ತೊಗೊಳ್ಳಬೇಡಿ.

ಕೊನೆಗೆ, ‘ಇದು ಅವರದೇ ಕೆಲಸ’ ಎಂದು ಒಂದು ಜನಾಂಗದ ಕಡೆ ಬೆರಳು ತೋರಿಸಿದಾಗ ಪಾಜ್ ಒತ್ತಿ ನಿಲ್ಲಿಸಿ. ‘ದೆಹಲಿ ಕ್ರೈಮ್’ನ ಎರಡನೇ ಸೀಸನ್‌ನಲ್ಲಿ (2022) ವಿಮುಕ್ತ ಬುಡಕಟ್ಟಿನವರನ್ನು ಹೀಗೇ ಎಳೆದು ತರುತ್ತಾರೆ, ಕೊಲೆ ಮಾಡಿದವರು ಬೇರೆಯವರು. 1871ರ ಕಾಯ್ದೆ ಈ ಜನರನ್ನು ಹುಟ್ಟಾ ಕಳ್ಳರು ಅಂದಿತ್ತು, ಅದು ರದ್ದಾಗಿದ್ದು 1952ರಲ್ಲಿ. ಹಿಡಿದು ತಂದವರಲ್ಲಿ ಎಷ್ಟು ಜನಕ್ಕೆ ಹೆಸರಿದೆ, ಪೊಲೀಸರಿಲ್ಲದ ಒಂದಾದರೂ ಸೀನ್ ಅವರಿಗಿದೆಯೇ, ಬರೆದುಕೊಳ್ಳಿ.

ಎಪಿಸೋಡಿಗೆ ಒಂದು ಹಾಳೆ ಸಾಕು. ಊಟ ಮಾಡುತ್ತಾ ಮಾತ್ರ ಬೇಡ, ಸಾರು ಚೆಲ್ಲಿ ನಮ್ಮ ಮೂರನೇ ಎಪಿಸೋಡಿನ ಗೆರೆಗಳೆಲ್ಲ ಕಲಸಿಹೋದವು.