ಪುಸ್ತಕ ಓದಿ ಪೋಕರ್ ಕಲಿಯುವುದು ಹೇಗೆ? ನೂರು ಹುಣಸೆಬೀಜ ಎಣಿಸಿಟ್ಟುಕೊಳ್ಳಿ

ದೀಪಾವಳಿಗೆ ಹಾವೇರಿಯಿಂದ ಬಂದ ಅಕ್ಕನ ಮಗ, ‘ಮಾಮಾ, ಎರಡು ಪುಸ್ತಕ ಮುಗಿಸೇನಿ, ಬರ್ರಿ ಪೋಕರ್ ಆಡೂಣು’ ಅಂದ. ಅರ್ಧ ಗಂಟೆಯಲ್ಲಿ ಅವನ ಮುಂದಿದ್ದ ನೂರು ಹುಣಸೆಬೀಜ ಖಾಲಿ. ಪುಸ್ತಕ ಕೆಟ್ಟದ್ದೇನಲ್ಲ. ಕಾದಂಬರಿ ಓದಿದಂತೆ ಮಂಚದ ಮೇಲೆ ಮಲಗಿ ಓದಿದ್ದ, ಅಷ್ಟೇ. ಧಾರವಾಡದಲ್ಲಿ ಇಂಥವರನ್ನು ಇನ್ನೂ ಮೂರ್ನಾಲ್ಕು ಮಂದಿ ನೋಡಿದ್ದೇನೆ. ಪೋಕರ್ ಪುಸ್ತಕವನ್ನು ಚಾಪೆ ಮೇಲೆ ಕೂತು, ಇಸ್ಪೀಟ್ ಎಲೆ ಹರಡಿಕೊಂಡೇ ಓದಬೇಕು.

ಮೊದಲು ಸಾಮಾನು. ಜೋಕರ್ ತೆಗೆದ 52 ಎಲೆಯ ಒಂದು ಕಟ್ಟು, ಪಣಕ್ಕಿಡಲು ತಲೆಗೆ ನೂರು ಹುಣಸೆಬೀಜ. ಶೇಂಗಾ ಬೇಡ, ಆಟ ಮುಗಿಯುವುದರೊಳಗೆ ಅರ್ಧ ಹೊಟ್ಟೆಗೆ ಹೋಗಿರುತ್ತದೆ. ಅಗ್ಗದ ಕಾಗದದ ಎಲೆಯೂ ಬೇಡ. ವಾರದಲ್ಲಿ ಎಕ್ಕದ ಮೂಲೆ ಮಡಚಿ, ಬೆನ್ನು ನೋಡಿಯೇ ಎಲ್ಲರಿಗೂ ಗೊತ್ತಾಗುತ್ತದೆ. ಹಣ ಇಡುವ ಮಾತೇ ಬೇಡ. ಫೋನಿನಲ್ಲಿ ಹಣ ಕಟ್ಟಿ ಆಡಿಸುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆಯೇ ನಿಷೇಧಿಸಿದೆ.

ಇನ್ನು ಪುಸ್ತಕ. ಒಂದೇ ಸಾಕು. ‘ನೋ ಲಿಮಿಟ್ ಹೋಲ್ಡೆಮ್’, ಅಂದರೆ ಒಂದು ಸಲಕ್ಕೆ ಎಷ್ಟು ಬೇಕಾದರೂ ಹಾಕಬಹುದಾದ ಬಗೆಯ ಪೋಕರ್ ಕಲಿಸುವುದೇ ಆಗಿರಲಿ. ಎಷ್ಟೋ ಹಳೆಯ ಪುಸ್ತಕಗಳು ‘ಲಿಮಿಟ್’ ಆಟಕ್ಕೆ ಬರೆದವು. ಅಲ್ಲಿ ಒಂದು ಸಲಕ್ಕೆ ಇಷ್ಟೇ ಹಾಕಬೇಕೆಂಬ ಕಟ್ಟು ಇರುತ್ತದೆ, ಆ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಡೇವಿಡ್ ಸ್ಕ್ಲಾನ್‌ಸ್ಕಿಯ ‘ದಿ ಥಿಯರಿ ಆಫ್ ಪೋಕರ್’ ದೊಡ್ಡ ಪುಸ್ತಕವೇ ಸರಿ. ಆದರೆ ಅದರಲ್ಲಿ ನಾಲ್ಕಾರು ಬಗೆಯ ಪೋಕರ್‌ನ ಉದಾಹರಣೆಗಳು ಬೆರೆತಿವೆ. ಹೊಸಬರು ಮೊದಲಿಗೇ ಅದನ್ನು ಹಿಡಿಯಬಾರದು. ಝೆರಾಕ್ಸ್ ಪ್ರತಿಯನ್ನಂತೂ ಮುಟ್ಟಬೇಡಿ. ನಾನೊಮ್ಮೆ ತಂದದ್ದರಲ್ಲಿ ಆಟೀನೂ ಕಪ್ಪು, ಇಸ್ಪೀಟೂ ಕಪ್ಪು. ಒಂದು ವಾರ ತಲೆಕೆಳಗು ಓದಿದೆ.

ಮೂರನೆಯದು, ಯಾವ ಕೈ (ಎಲೆಗಳ ಜೋಡಣೆ) ದೊಡ್ಡದು ಎಂಬುದು. ಮೂರೆಲೆ (ತೀನ್ ಪತ್ತಿ) ಆಡಿ ಬಂದವರು ಇಲ್ಲಿ ಮುಗ್ಗರಿಸುತ್ತಾರೆ. ಮೂರೆಲೆಯಲ್ಲಿ ಕಲರ್‌ಗಿಂತ (ಎಲ್ಲ ಎಲೆ ಒಂದೇ ಜಾತಿ) ಸೀಕ್ವೆನ್ಸ್ (ಒಂದರ ಹಿಂದೊಂದು ಸಾಲು ಎಲೆ) ದೊಡ್ಡದು. ಪೋಕರ್‌ನಲ್ಲಿ ಉಲ್ಟಾ. ಮೂರು ಎಲೆಯಲ್ಲಿ ಸೀಕ್ವೆನ್ಸ್ 720 ಬಗೆಯಲ್ಲಿ ಬರುತ್ತದೆ, ಕಲರ್ 1,096 ಬಗೆಯಲ್ಲಿ. ಐದು ಎಲೆಗೆ ಬಂದರೆ ಸೀಕ್ವೆನ್ಸ್ 10,200, ಕಲರ್ 5,108 ಮಾತ್ರ. ಅಪರೂಪದ್ದೇ ದೊಡ್ಡದು. ಉಳಿದ ಪಟ್ಟಿ ಪುಸ್ತಕದ ಮೊದಲ ಪುಟಗಳಲ್ಲೇ ಇರುತ್ತದೆ, ಬಾಯಿಪಾಠ ಮಾಡಿ.

ಆಟದ ನಡೆ ಸುಲಭ: ಕೈಗೆ ಎರಡು ಎಲೆ, ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು; ನಡುನಡುವೆ ಬೀಜ ಹಾಕುವ ಸರದಿ. ಏಳರಲ್ಲಿ ಒಳ್ಳೆಯ ಐದು ನಿಮ್ಮದು.

ಈಗ ಪಾಟ್‌ನ, ಅಂದರೆ ನಡುವೆ ಸೇರಿದ ಬೀಜದ ರಾಶಿಯ ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ. ಪುಸ್ತಕ ಮಗುಚಿಟ್ಟು ಎಲೆ ಹಾಕಿ. ನಿಮ್ಮ ಕೈಯಲ್ಲಿ ಎರಡು ಕಳಾವರ್, ನಡುವಿನ ಮೂರರಲ್ಲಿ ಎರಡು ಕಳಾವರ್. ಇನ್ನೊಂದು ಬಂದರೆ ಕಲರ್. 13ರಲ್ಲಿ ನಾಲ್ಕು ಕಂಡಿವೆ, 9 ಉಳಿದಿವೆ. ನೀವು ಕಾಣದ ಎಲೆ ಒಟ್ಟು 47. ಮುಂದಿನದೇ ಕಳಾವರ್ ಆಗುವ ಸಾಧ್ಯತೆ ನೂರಕ್ಕೆ 19. ಬಾಕಿ ಎರಡೂ ಎಲೆ ನೋಡಲು ಸಿಕ್ಕರೆ ನೂರಕ್ಕೆ 35. ಪುಸ್ತಕದಲ್ಲಿ ಎರಡೂ ಅಂಕಿ ಇರುತ್ತವೆ. ತಲೆಯಲ್ಲಿ ಉಳಿಯುವುದು 35 ಮಾತ್ರ. ದೊಡ್ಡದಲ್ವಾ!

ನಡುವೆ 40 ಬೀಜ ಇಡಿ. ಎದುರಿನವರು 20 ಹಾಕಿದರು, 60 ಆಯಿತು. ಆಟದಲ್ಲಿ ಉಳಿಯಬೇಕೆಂದರೆ ನೀವೂ 20 ಹಾಕಬೇಕು, 80 ಆಗುತ್ತದೆ. ಅದರಲ್ಲಿ ನಿಮ್ಮದು ಕಾಲು ಭಾಗ. ಅಂದರೆ ನೂರಕ್ಕೆ 25 ಸಲವಾದರೂ ಗೆಲ್ಲದಿದ್ದರೆ ಆ ಬೀಜ ದಂಡ. ಅಕ್ಕನ ಮಗ 35 ಹಿಡಿದು ‘ಲಾಭ ಐತಿ ಮಾಮಾ’ ಎಂದು ಹಾಕಿದ. ಎಲೆ ಬಿತ್ತು, ಆಟೀನ್ ಏಳು. ನಾನು ಸುಮ್ನೆ ಇನ್ನೂ 40 ತಳ್ಳಿದೆ. ಹುಡುಗ ಪಿಳಿಪಿಳಿ ನೋಡಿದ. ಅವನು ಕೊಟ್ಟ 20 ಒಂದು ಎಲೆಯ ಬೆಲೆ, ಹಿಡಿದದ್ದು ಎರಡು ಎಲೆಯ ಲೆಕ್ಕ. ಅಲ್ಲಿ ನೋಡಬೇಕಾದದ್ದು 19. ಅದು 25ಕ್ಕಿಂತ ಕಡಿಮೆ, ಎಲೆ ಮಗುಚಿ ಬಿಡಬೇಕಿತ್ತು. ಯಾರಾದರೊಬ್ಬರ ಬೀಜವೆಲ್ಲ ನಡುವೆ ಹೋಗಿ, ಮುಂದೆ ಯಾರೂ ಹಾಕುವಂತಿಲ್ಲ ಎಂದಾಗಷ್ಟೇ 35 ಹಿಡಿಯಿರಿ.

ಅದೇ 40ರ ಪಾಟ್‌ಗೆ ಎದುರಿನವರು 10 ಮಾತ್ರ ಹಾಕಿದ್ದರೆ? ನಿಮ್ಮ 10 ಸೇರಿ 60. ನೂರಕ್ಕೆ ಸುಮಾರು 17. ನಿಮ್ಮ ಹತ್ತಿರ 19 ಇದೆ, ಧಾರಾಳ ಹಾಕಿ. ಕಲರ್ ಬಂದ ಮೇಲೆ ಎದುರಿನವರಿಂದ ಇನ್ನಷ್ಟು ಕೀಳಬಹುದು ಎಂಬುದೂ ಒಂದು ಲೆಕ್ಕವೇ. ಅದು ಎರಡನೇ ತಿಂಗಳಿಗಿರಲಿ.

ಶಾರ್ಟ್‌ಕಟ್ ಬೇಕಾ? ಬೇಕಾದ ಎಲೆಗಳನ್ನು ಒಂದು ಎಲೆಗೆ ಎರಡರಿಂದ, ಎರಡು ಎಲೆಗೆ ನಾಲ್ಕರಿಂದ ಗುಣಿಸಿ. 9ಕ್ಕೆ 18 ಮತ್ತು 36. ಇಷ್ಟು ಹತ್ತಿರ ಬಂದರೆ ಸಾಕು. ದಿನಾ ಇಪ್ಪತ್ತು ಸಲ ಎಲೆ ಹಾಕಿ, ಬಾಯಿಬಿಟ್ಟು ಲೆಕ್ಕ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ನಾವೇ ನಮಗೆ ಮೋಸ ಮಾಡಿಕೊಳ್ಳುತ್ತೇವೆ.

ಮೊದಲ ಎರಡು ಎಲೆಯಲ್ಲಿ ಯಾವುದನ್ನು ಆಡಬೇಕು ಎಂಬ ಪಟ್ಟಿಯನ್ನು ಕೈಯಾರೆ ಬರೆದುಕೊಳ್ಳಿ, ಫೋಟೊ ಹೊಡೆದಿಟ್ಟುಕೊಂಡರೆ ತಿರುಗಿ ನೋಡುವುದಿಲ್ಲ. ಬ್ಲಫ್‌ನ, ಅಂದರೆ ಕೆಟ್ಟ ಎಲೆ ಹಿಡಿದೂ ಎದುರಿನವರನ್ನು ಹೆದರಿಸುವ ಅಧ್ಯಾಯಕ್ಕೆ ಸ್ಟೇಪ್ಲರ್ ಹೊಡೆಯಿರಿ. ಹೊಸಬರು ಮೊದಲು ತೆರೆಯುವುದೇ ಅದನ್ನು. ಅಕ್ಕನ ಮಗನ ಪುಸ್ತಕಕ್ಕೆ ನಾನೇ ನಾಲ್ಕು ಪಿನ್ ಹೊಡೆದು ಕಳಿಸಿದ್ದೇನೆ. ಸಂಕ್ರಾಂತಿಗೆ ಬಂದಾಗ ಲೆಕ್ಕ ಸರಿ ಹೇಳಿದರೆ ಕೀಳುತ್ತೇನೆ.