ಚೆಂಗ್ಡುವಿನಲ್ಲಿ ಮಾಂಸವಿಲ್ಲದ ಊಟ: ನೂಡಲ್ ಬಟ್ಟಲಿನಿಂದ ತರಕಾರಿ ಮಾರುಕಟ್ಟೆವರೆಗೆ

ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರದ ನೂಡಲ್ ಅಂಗಡಿಯಲ್ಲಿ ರುಚಿಯೆಲ್ಲ ತಯಾರಾಗುವುದು ಬಟ್ಟಲಿನ ತಳದಲ್ಲಿ. ಆರ್ಡರ್ ಬಂದ ಮೇಲೆ ಖಾಲಿ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಸೋಯಾ ಸಾಸ್, ಚೂರು ವಿನೆಗರ್, ಕೆಂಪು ಮೆಣಸಿನೆಣ್ಣೆ, ಹ್ವಾಜ್ಯಾವ್ (ನಾಲಿಗೆ ಜುಮ್ಮೆನಿಸುವ ಸಿಚುವಾನ್ ಮೆಣಸು) ಪುಡಿ, ಟೇಸ್ಟಿಂಗ್ ಪೌಡರ್, ಬೆಳ್ಳುಳ್ಳಿ ನೀರು, ಯಾಛಾಯ್ ಎಂಬ ಉಪ್ಪು ಹಾಕಿಟ್ಟ ಸಾಸಿವೆ ಸೊಪ್ಪಿನ ದಂಟು, ಹೆಚ್ಚಿದ ಈರುಳ್ಳಿ ಸೊಪ್ಪು ಹಾಕುತ್ತಾರೆ. ಇದರ ಜೊತೆಗೇ ಒಂದು ಚಮಚ ಬಿಳಿ ಹಂದಿ ಕೊಬ್ಬು ಬೀಳುತ್ತದೆ. ಅದರ ಮೇಲೆ ಒಂದು ಸೌಟು ಬಿಸಿ ಸಾರು, ಆಮೇಲೆ ಬೆಂದ ನೂಡಲ್, ಎಲ್ಲದರ ಮೇಲೆ ಸಾವ್‌ತ್ಸ ಎಂಬ ಕೊಚ್ಚಿದ ಮಾಂಸದ ಪಲ್ಯ.

ಈ ಕ್ರಮ ಒಮ್ಮೆ ಅರ್ಥವಾದರೆ ಸಸ್ಯಾಹಾರಿಗೆ ಅರ್ಧ ಊರು ತೆರೆದುಕೊಂಡ ಹಾಗೆ. ಮಾಂಸ ಬರುವುದು ಮುಖ್ಯವಾಗಿ ಮೂರು ಜಾಗದಿಂದ: ತಳದ ಕೊಬ್ಬು, ನಡುವಿನ ಮೂಳೆ ಸಾರು, ಮೇಲಿನ ಸಾವ್‌ತ್ಸ. ಬಟ್ಟಲನ್ನು ಕಣ್ಣೆದುರೇ ಕೂಡಿಸುವುದರಿಂದ ಮೂರನ್ನೂ ಅಲ್ಲೇ ತಡೆಯಬಹುದು. ಬರೀ 'ಮಾಂಸ ಬೇಡ' ಎಂದರೆ ಮೇಲಿನದು ಮಾತ್ರ ನಿಲ್ಲುತ್ತದೆ, ಕೊಬ್ಬು ಮತ್ತು ಸಾರು ಹಾಗೇ ಬರುತ್ತವೆ. ನಮ್ಮವರು ಹೆಚ್ಚಾಗಿ ಮೋಸಹೋಗುವುದು ಇಲ್ಲೇ. ಅಂಗಡಿಯವರದು ತಪ್ಪಲ್ಲ, ಅವರ ಲೆಕ್ಕದಲ್ಲಿ ಕೊಬ್ಬು ಎಣ್ಣೆಯ ಸಾಲಿಗೆ ಸೇರಿದ್ದು.

ನಾನು ಹೇಳುತ್ತಿದ್ದದ್ದು ನಾಲ್ಕು ಮಾತು. 'ವೊ ಛಿ ಸು' ಎಂದರೆ ನಾನು ಸಸ್ಯಾಹಾರಿ. 'ಬು ಯಾವ್ ಜು-ಯೋ', ಹಂದಿ ಕೊಬ್ಬು ಬೇಡ. 'ಬು ಯಾವ್ ಸಾವ್‌ತ್ಸ'. ಕೊನೆಯದು 'ಯೋಂಗ್ ಮ್ಯೆನ್‌ಥಾಂಗ್', ಅಂದರೆ ಮೂಳೆ ಸಾರಿನ ಬದಲು ನೂಡಲ್ ಬೇಯಿಸಿದ ನೀರನ್ನೇ ಹಾಕಿ. ಇನ್ನೂ ಕಟ್ಟುನಿಟ್ಟಿನವರು 'ಬು ಯಾವ್ ಜಿಜಿಂಗ್' ಎಂದೂ ಸೇರಿಸಬೇಕು. ಜಿಜಿಂಗ್ ಎಂದರೆ ಕೋಳಿ ಸತ್ವದ ಪುಡಿ, ವೇಯ್‌ಜಿಂಗ್ ಎಂದರೆ ಬರೀ ಟೇಸ್ಟಿಂಗ್ ಪೌಡರ್. ಮೊಟ್ಟೆ ತಿನ್ನದವರು 'ಬು ಯಾವ್ ಜಿದಾನ್' ಕಲಿಯಬೇಕು, ಸುಮ್ಮನೆ 'ಸು' ಎಂದರೆ ಮೊಟ್ಟೆ ಬಿಡುತ್ತಾರೆಂಬ ಭರವಸೆಯಿಲ್ಲ. ಸ್ವರದ ಏರಿಳಿತ ತಪ್ಪಿದರೆ ಅರ್ಥವೂ ತಪ್ಪುವುದರಿಂದ, ಇವಿಷ್ಟನ್ನೂ ಚೀನೀ ಲಿಪಿಯಲ್ಲಿ ದೊಡ್ಡಕ್ಷರದಲ್ಲಿ ಬರೆದ ಒಂದು ಚಿತ್ರ ಫೋನಿನಲ್ಲಿ ಇರಲಿ. ಮಧ್ಯಾಹ್ನದ ಗದ್ದಲದಲ್ಲಿ ಬಾಯಿಗಿಂತ ಫೋನೇ ಕೆಲಸ ಮಾಡುತ್ತದೆ. ಹೇಳಬೇಕಾದದ್ದನ್ನು ಬಟ್ಟಲಿಗೆ ಮಸಾಲೆ ಬೀಳುವ ಮೊದಲೇ, ಅದನ್ನು ಹಾಕುವವರಿಗೇ ಹೇಳಬೇಕು. ಗಲ್ಲಾದವರಿಗೆ ಹೇಳಿದ್ದು ಒಲೆಯ ತನಕ ತಲುಪದಿರಬಹುದು.

ಪ್ರಮಾಣವನ್ನು ಲ್ಯಾಂಗ್ ಲೆಕ್ಕದಲ್ಲಿ ಕೇಳುತ್ತಾರೆ. ಒಂದು ಲ್ಯಾಂಗ್ ಎಂದರೆ 50 ಗ್ರಾಂ ನೂಡಲ್. 'ಅರ್ ಲ್ಯಾಂಗ್' (ಎರಡು) ಸಾಧಾರಣ ಊಟಕ್ಕೆ ಸಾಕು, ಹಸಿವು ಜೋರಾಗಿದ್ದರೆ 'ಸಾನ್ ಲ್ಯಾಂಗ್'. ಖಾರ ಕಡಿಮೆ ಬೇಕಿದ್ದರೆ 'ವೇಯ್ ಲಾ'. ಬಂದ ಕೂಡಲೇ ತಳದಿಂದ ಮೇಲಕ್ಕೆ ಐದಾರು ಸಲ ತಿರುವಿ ಹಾಕಬೇಕು. ಹಾಗೇ ಬಿಟ್ಟರೆ ಮೇಲಿನದು ಸಪ್ಪೆ, ಕೊನೆಯ ತುತ್ತು ಉಪ್ಪು, ನೂಡಲ್ ಅಂಟಿ ಗಡ್ಡೆ.

ಹೆಸರನ್ನು ನಂಬುವಂತಿಲ್ಲ. 'ಸು ಜ್ಯಾವ್ ಜಾಜ್ಯಾಂಗ್ ಮ್ಯೆನ್' ಎಂಬುದರಲ್ಲಿ 'ಸು' ಇದೆ, ಆದರೆ ಅದರ ಮೇಲೆ ಕೊಚ್ಚಿದ ಹಂದಿ ಮಾಂಸ ಇರುತ್ತದೆ. 'ಯುಶ್ಯಾಂಗ್' ಎಂದರೆ ಮೀನಿನ ಪರಿಮಳ. ಯುಶ್ಯಾಂಗ್ ಬದನೆಕಾಯಿಯಲ್ಲಿ ಮೀನೇ ಇಲ್ಲ, ಉಪ್ಪಿನಕಾಯಿ ಮೆಣಸು, ಶುಂಠಿ, ಬೆಳ್ಳುಳ್ಳಿ, ಸಕ್ಕರೆ, ವಿನೆಗರ್ ಅಷ್ಟೆ. ಆದರೆ ಕೊಚ್ಚಿದ ಮಾಂಸ ಬೆರೆಸುವುದು ಮಾಮೂಲು. ಹುರಿದ ಹುರುಳಿಕಾಯಿಗೂ (ಗಾನ್‌ಬ್ಯೆನ್ ಸಿಜಿದೌ) ಹಾಗೇ. ಮಾಪೋ ತೋಫು (ಖಾರದ ಗೊಜ್ಜಿನಲ್ಲಿ ಬೇಯಿಸಿದ ಸೋಯಾ ಪನೀರ್) ಮೂಲದಲ್ಲಿ ದನದ ಮಾಂಸದ ಅಡುಗೆ. ಕೊಚ್ಚಿದ ಮಾಂಸದ ಭಯವಿಲ್ಲದೆ ಕೇಳಬಹುದಾದವು ಕಡಿಮೆಯಾದರೂ ಒಳ್ಳೆಯವು. ಒಣ ಮೆಣಸಿನಕಾಯಿ, ಹ್ವಾಜ್ಯಾವ್ ಒಗ್ಗರಣೆ ಕೊಟ್ಟು ಜೋರು ಉರಿಯಲ್ಲಿ ಬಾಡಿಸುವ ಎಲೆಕೋಸು (ಛ್ಯಾಂಗ್ ಲ್ಯೆನ್‌ಬಾಯ್) ನಮ್ಮ ಪಲ್ಯದ ಅಣ್ಣತಮ್ಮ. ದಾರದಂತೆ ಹೆಚ್ಚಿದ ಹುಳಿ-ಖಾರದ ಆಲೂಗಡ್ಡೆ, ಚುಕ್ಕೆ ಚುಕ್ಕೆ ಸುಟ್ಟ ಹಸಿಮೆಣಸಿನಕಾಯಿ ಕೂಡ ಹಾಗೆಯೇ. ಇವಕ್ಕೂ ಹಂದಿ ಕೊಬ್ಬು ಬೇಡವೆಂದು ಹೇಳಲೇಬೇಕು.

ಹಾಟ್‌ಪಾಟ್ (ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ತಾವೇ ಬೇಯಿಸಿಕೊಂಡು ತಿನ್ನುವ ಊಟ) ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಕೆಂಪು ಸಾರಿನ ಮಾಮೂಲು ತಳ ನ್ಯೋಯೋ, ಅಂದರೆ ದನದ ಕೊಬ್ಬು. ತಣ್ಣಗಾದಾಗ ಮೇಲೆ ಗಟ್ಟಿಯಾಗಿ ಹೆಪ್ಪುಗಟ್ಟುವುದು ಅದೇ. 'ಛಿಂಗ್‌ಯೋ' ಎಂದು ಬೋರ್ಡಿರುವ ಕಡೆ ಸಾಸಿವೆ ಜಾತಿಯ ಎಣ್ಣೆಯ ತಳ ಸಿಗುತ್ತದೆ, ಅಲ್ಲಿಗೇ ಹೋಗಿ. ಎರಡು ಭಾಗದ ಪಾತ್ರೆಯ ಬಿಳಿ ಸಾರು ನಿರುಪದ್ರವಿಯಂತೆ ಕಂಡರೂ ಅದು ಬಹುತೇಕ ಮೂಳೆಯದು, ಅಣಬೆ ಸಾರಿಗೂ ಕೋಳಿಯ ತಳ ಇರಬಹುದು. ಒಂದೇ ಪಾತ್ರೆಗೆ ಎಲ್ಲರೂ ಕಡ್ಡಿ ಅದ್ದುವ ಊಟವಾದ್ದರಿಂದ, ಪಂಗಡದಲ್ಲಿ ಹೋದಾಗ ತಮಗೇ ಬೇರೆ ಸಣ್ಣ ಪಾತ್ರೆ ಇರುವ ಹೋಟೆಲನ್ನು ಆರಿಸುವುದು ಮೇಲು.

ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟವರಿಗೆ ಬೌದ್ಧ ವಿಹಾರಗಳ ಊಟವೇ ಗತಿ, ಅದು ಒಳ್ಳೆಯ ಗತಿಯೂ ಹೌದು. ಮೆಟ್ರೊ 1ನೇ ಲೈನಿನಲ್ಲಿ ವೆನ್‌ಶು ವಿಹಾರದ ಹೆಸರಿನದೇ ನಿಲ್ದಾಣ ಇದೆ, ವಿಹಾರದಲ್ಲೇ ಸಸ್ಯಾಹಾರಿ ಊಟದ ಮನೆ ಇದೆ. ಮೆನುವಿನಲ್ಲಿ ಮೀನು, ಬಾತು ಎಂಬ ಹೆಸರುಗಳನ್ನು ನೋಡಿ ಗಾಬರಿಯಾಗಬೇಡಿ. ಸೋಯಾ, ಗೋಧಿಯ ಅಂಟು, ಅಣಬೆಯಿಂದ ಮಾಡಿದ ಅನುಕರಣೆಗಳವು.

ಇನ್ನು ಮಾರುಕಟ್ಟೆ. ಬಾಡಿಗೆ ಮನೆಯಲ್ಲಿ ಒಂದು ಒಲೆ, ಒಂದು ರೈಸ್ ಕುಕ್ಕರ್ ಇದ್ದರೆ ಬಡಾವಣೆಯ ತರಕಾರಿ ಮಾರುಕಟ್ಟೆ ನಿಮ್ಮ ಊರಿನ ಸಂತೆಯೇ ಆಗುತ್ತದೆ. ದರ ಹೇಳುವುದು ಜಿನ್ ಲೆಕ್ಕದಲ್ಲಿ, ಒಂದು ಜಿನ್ ಎಂದರೆ ಅರ್ಧ ಕಿಲೊ. ಬೋರ್ಡಿನಲ್ಲಿ 6 ಎಂದಿದ್ದರೆ ಕಿಲೊಗೆ 12 ಯುವಾನ್. 'ಗೋಂಗ್‌ಜಿನ್' ಎಂದಿದ್ದರೆ ಮಾತ್ರ ಪೂರ್ತಿ ಕಿಲೊ. ಮಾರುವ ಹಿರಿಯ ಹೆಂಗಸರನ್ನು 'ನ್ಯಾಂಗ್‌ನ್ಯಾಂಗ್' ಎಂದು ಕರೆಯುವುದು ಈ ಊರಿನ ರೂಢಿ, ನಮ್ಮ 'ಅಕ್ಕ', 'ಅಮ್ಮ' ಇದ್ದ ಹಾಗೆ. ನಾಲ್ಕು ದಿನ ಒಬ್ಬರಲ್ಲೇ ಕೊಂಡರೆ ಚೀಲಕ್ಕೆ ಎರಡು ಎಸಳು ಈರುಳ್ಳಿ ಸೊಪ್ಪು ಕೇಳದೆಯೇ ಬೀಳುತ್ತದೆ.

ಬೇಸಿಗೆಯಲ್ಲಿ ನೆಲದ ಮೇಲೆ ಹರಡಿರುವ ಸೊಪ್ಪನ್ನು ನೋಡಿದರೆ ಜೀವಕ್ಕೆ ಹಿತ: ರ್ವಾನ್‌ಜ್ಯಾಂಗ್‌ಯೇ ಎಂಬುದು ನಮ್ಮ ಬಸಳೆ, ಶ್ಯೆನ್‌ಛಾಯ್ ಕೆಂಪು ಹರಿವೆ, ಜ್ಯಾಂಗ್‌ದೌ ಉದ್ದನೆಯ ಅಲಸಂದೆ ಕಾಯಿ. ಬೂದುಗುಂಬಳವನ್ನು ಹೋಳು ಮಾಡಿ ಮಾರುತ್ತಾರೆ. ಕಳಲೆ, ತಾವರೆ ದಂಟು, ಹಾಗಲಕಾಯಿ ಇವೆ. ಕೊತ್ತಂಬರಿ ಸೊಪ್ಪಿಗೆ ಬರವಿಲ್ಲ. ಚಳಿಗಾಲದ ರಾಜ ದೌಜ್ಯೆನ್, ಬಟಾಣಿಯ ಎಳೆ ಕುಡಿ. ಬಿಸಿ ನೀರಿಗೆ ಹಾಕಿ ಹತ್ತೇ ಎಣಿಸಿ ತೆಗೆಯಬೇಕು, ಹೆಚ್ಚು ಬೆಂದರೆ ನಾರು.

ತೊವ್ವೆಗೆ ಬೇಳೆ ಹುಡುಕುವವರಿಗೆ ಚೆಂಗ್ಡು ಒಂದು ಉಪಕಾರ ಮಾಡಿದೆ. ಅದು ಫಾ ವಾನ್‌ದೌ: ಒಣ ಬಟಾಣಿಯನ್ನು ಮೆತ್ತಗೆ ಬೇಯಿಸಿ, ನೀರು ಬಸಿದು, ಮುದ್ದೆಯಾಗಿ ಗುಡ್ಡೆ ಹಾಕಿ ತೂಕದಲ್ಲಿ ಮಾರುವ ಹಳದಿ ಪದಾರ್ಥ. ಅರ್ಧ ಜಿನ್ (250 ಗ್ರಾಂ) ತಂದು, 600 ಮಿಲಿ ನೀರು, ಎರಡು ಟೊಮೆಟೊ, ಚಿಟಿಕೆ ಅರಿಶಿನ ಹಾಕಿ ಹತ್ತು ನಿಮಿಷ ಕುದಿಸಿ, ಉಪ್ಪು ರುಚಿ ನೋಡಿ ಹಾಕಿ. ಸಾಸಿವೆ, ಜೀರಿಗೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಕುಕ್ಕರಿಲ್ಲದೆ ಕಾಲು ಗಂಟೆಯಲ್ಲಿ ಇಬ್ಬರಿಗೆ ಸಾರು. ಸೆಕೆಗಾಲದಲ್ಲಿ ಇದು ಬೇಗ ಹುಳಿಯಾಗುತ್ತದೆ, ಬೆಳಿಗ್ಗೆಯೇ ತಂದು ಫ್ರಿಜ್ಜಿಗೆ ಹಾಕಿ. ಸಿಪ್ಪೆ ತೆಗೆದ ಹೆಸರುಬೇಳೆಯೂ ಧಾನ್ಯದಂಗಡಿಗಳಲ್ಲಿ ಸಿಗುತ್ತದೆ. ಊರಿಂದ ತರಬೇಕಾದದ್ದು ಸಾಸಿವೆ, ಇಂಗು, ಅರಿಶಿನ, ಸಾರಿನ ಪುಡಿ, ಒಣಗಿಸಿದ ಕರಿಬೇವು, ತೊಗರಿಬೇಳೆ. ಅಕ್ಕಿಯಲ್ಲಿ ಈಶಾನ್ಯ ಚೀನಾದ ಗಿಡ್ಡ ಕಾಳು ಅಂಟು, ಸಾರು ಹೀರುವುದಿಲ್ಲ. ಉದ್ದ ಕಾಳಿನ 'ಸಿಮ್ಯಾವ್ ಮಿ' ಕೇಳಿ.

ಹ್ವಾಜ್ಯಾವ್ ನಮಗೆ ತೀರ ಪರಕೀಯವಲ್ಲ. ಕರಾವಳಿಯ ಕೊಂಕಣಿ ಅಡುಗೆಯ ತೆಪ್ಪಳ, ಮಲೆನಾಡಿನ ಜುಮ್ಮನಕಾಯಿ ಇದೇ ಕುಲದ ಗಿಡದ ಕಾಯಿ, ನಾಲಿಗೆ ಜುಮ್ಮೆನ್ನುವುದೂ ಹಾಗೇ. ಕೆಂಪು ಜಾತಿಯಲ್ಲಿ ಹಾನ್‌ಯುವಾನ್ ಊರಿನದು ಹೆಸರುವಾಸಿ. ಕೊಳ್ಳುವಾಗ ಅಂಗೈಯಲ್ಲಿ ಹತ್ತು ಕಾಳು ಹಾಕಿ ನೋಡಿ: ಸಿಪ್ಪೆ ಬಾಯಿ ಬಿಟ್ಟಿರಬೇಕು, ಒಳಗೆ ಕರಿ ಬೀಜ ಇರಬಾರದು. ರುಚಿಯೆಲ್ಲ ಸಿಪ್ಪೆಯಲ್ಲಿದೆ, ಬೀಜ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಉಗುರಿನಿಂದ ಚಿವುಟಿದರೆ ನಿಂಬೆ ಸಿಪ್ಪೆಯ ವಾಸನೆ ಏಳಬೇಕು.

ಮನೆಯಲ್ಲಿ ಮಾಂಸವಿಲ್ಲದ ಮಾಪೋ ತೋಫು ನಾನು ಮಾಡುವ ಬಗೆ ಇದು. ಮೆತ್ತನೆಯ ತೋಫು 400 ಗ್ರಾಂ, ಎರಡು ಸೆಂಟಿಮೀಟರ್ ತುಂಡು. ಒಂದು ಚಮಚ ಉಪ್ಪು ಹಾಕಿದ, ಕುದಿಯುವ ಅಂಚಿನ ನೀರಲ್ಲಿ ಮೂರು ನಿಮಿಷ ಬಿಡಿ. ಹಸಿ ವಾಸನೆ ಹೋಗುತ್ತದೆ, ತುಂಡು ಒಡೆಯುವುದು ಕಡಿಮೆ. ನಾಲ್ಕೈದು ಒಣ ಶಿಟಾಕೆ ಅಣಬೆಯನ್ನು ನೆನೆಸಿ ಸಣ್ಣಗೆ ಕೊಚ್ಚಿ, ಮಾಂಸದ ಜಾಗಕ್ಕೆ ಇದೇ. ಸಿಚುವಾನಿನ ಛಾಯ್‌ತ್ಸಿಯೋ ಎಣ್ಣೆ (ಸಾಸಿವೆ ಜಾತಿಯದು) ಮೂರು ದೊಡ್ಡ ಚಮಚ ಬಾಣಲೆಗೆ ಹಾಕಿ, ಹೊಗೆ ಕಾಣುವ ತನಕ ಕಾಯಿಸಿ, ಉರಿ ಆರಿಸಿ ಒಂದು ನಿಮಿಷ ತಣಿಸಿ. ಈ ಹಂತ ಬಿಟ್ಟರೆ ಎಣ್ಣೆಯ ಹಸಿ ಘಾಟು ಕೊನೆ ತನಕ ಹೋಗುವುದಿಲ್ಲ. ಮತ್ತೆ ಸಣ್ಣ ಉರಿ. ಅಣಬೆ ಹುರಿದು, ಒಂದೂವರೆ ದೊಡ್ಡ ಚಮಚ ಫಿಶ್ಯೆನ್ ದೌಬಾನ್ ಹಾಕಿ. ಇದು ಚೆಂಗ್ಡು ಪಕ್ಕದ ಫಿಶ್ಯೆನ್‌ನಲ್ಲಿ ದೊಡ್ಡ ಅವರೆಯಂಥ ಕಾಳು, ಮೆಣಸಿನಕಾಯಿ, ಉಪ್ಪು ಹಾಕಿ ಹುದುಗಿಸಿದ ಹಿಂಡಿ. ಎಣ್ಣೆ ಕೆಂಪಾಗಲು ಒಂದೆರಡು ನಿಮಿಷ ಬೇಕು. ಉರಿ ಜೋರಾದರೆ ಹಿಂಡಿ ಕರಿಯಾಗಿ ಕಹಿ ಬರುತ್ತದೆ, ಆಗ ಚೆಲ್ಲಿ ಹೊಸದಾಗಿ ಶುರು ಮಾಡುವುದೇ ಸರಿ. ಶುಂಠಿ, ಬೆಳ್ಳುಳ್ಳಿ, ಒಂದು ಚಮಚ ಮೆಣಸಿನಪುಡಿ ಹಾಕಿ, 200 ಮಿಲಿ ನೀರು ಸುರಿದು, ಬಸಿದ ತೋಫು ಇಳಿಸಿ. ಸೋಯಾ ಸಾಸ್ ಒಂದು ಸಣ್ಣ ಚಮಚ ಸಾಕು, ಬೇರೆ ಉಪ್ಪು ಬೇಡ, ಹಿಂಡಿಯೇ ಉಪ್ಪಿನ ಮುದ್ದೆ. ಐದು ನಿಮಿಷ ಕುದಿಯಲಿ. ಸೌಟಿನ ಬೆನ್ನಿನಿಂದ ಮುಂದಕ್ಕೆ ತಳ್ಳಿ, ತಿರುವಬೇಡಿ.

ಪಿಷ್ಟದ ನೀರನ್ನು (ಒಂದು ಚಮಚ ಪಿಷ್ಟಕ್ಕೆ ಎರಡು ಚಮಚ ನೀರು) ಮೂರು ಕಂತಿನಲ್ಲಿ, ನಡುವೆ ಅರ್ಧ ನಿಮಿಷ ಬಿಟ್ಟು ಹಾಕಿ. ತೋಫು ಬೇಯುತ್ತ ನೀರು ಬಿಡುತ್ತಲೇ ಇರುತ್ತದೆ, ಒಮ್ಮೆಗೇ ಹಾಕಿದರೆ ತಟ್ಟೆಗೆ ಬರುವಷ್ಟರಲ್ಲಿ ಗೊಜ್ಜು ಒಡೆದು ತೆಳ್ಳಗಾಗುತ್ತದೆ. ಬೆಳ್ಳುಳ್ಳಿ ಸೊಪ್ಪು ಉದುರಿಸಿ, ಒಲೆ ಆರಿಸಿದ ಮೇಲೆ ಆಗತಾನೇ ಕುಟ್ಟಿದ ಹ್ವಾಜ್ಯಾವ್ ಪುಡಿ ಅರ್ಧ ಚಮಚ.

ಬೀದಿಯ ತಿಂಡಿಯಲ್ಲಿ ಧೈರ್ಯವಾಗಿ ತಿನ್ನಬಹುದಾದದ್ದು ಬಿಂಗ್‌ಫೆನ್. ಒಂದು ಗಿಡದ ಸಣ್ಣ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಉಜ್ಜಿ, ಸುಣ್ಣದ ತಿಳಿ ಬೆರೆಸಿ ಹೆಪ್ಪುಗಟ್ಟಿಸುವ ಪಾರದರ್ಶಕ ಲೋಳೆ. ಮೇಲೆ ಕಪ್ಪು ಬೆಲ್ಲದ ಪಾಕ, ಕಡಲೆಕಾಯಿ ಚೂರು. ಕೈಯಲ್ಲಿ ಉಜ್ಜಿದ ಬಿಂಗ್‌ಫೆನ್‌ನಲ್ಲಿ ಸಣ್ಣ ಸಣ್ಣ ಗುಳ್ಳೆ ಇರುತ್ತವೆ, ಪುಡಿ ಕಲಸಿದ್ದು ಗಾಜಿನಂತೆ ನಯ. ಬೆಲ್ಲದ ಗ್ವೋಖ್ವೇಯ್ ರೊಟ್ಟಿಯೂ ಸರಿ, ಆದರೆ ಪದರ ಪದರವಾಗಿ ಗರಿಗರಿಯಾದ 'ಜುನ್‌ಥುನ್' ಬಗೆಯಲ್ಲಿ ಮಾಂಸ, ಕೊಬ್ಬು ಇರುತ್ತದೆ. ಹುರಿದ ಆಲೂಗಡ್ಡೆಗೆ ಹಾಕುವ ಝರ್‌ಗೆನ್ ಎಂಬ ಬಿಳಿ ಬೇರಿಗೆ ಮೀನಿನ ವಾಸನೆ. ಸಸ್ಯವೇ, ಆದರೂ ಮೊದಲ ಸಲ ಬೇಡವೆನ್ನಿ.

ಹಣ ಕೊಡುವುದು ಕ್ಯೂಆರ್ ಕೋಡಿನಿಂದ, ಯುಪಿಐ ಅಭ್ಯಾಸ ಇರುವವರಿಗೆ ಹೊಸದೇನಿಲ್ಲ. ಅಲಿಪೇ ಎಂಬ ಚೀನೀ ಪಾವತಿ ಆಪ್‌ಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಬ್ಯಾಂಕಿನ ಆಪ್‌ನಲ್ಲಿ ವಿದೇಶಿ ವಹಿವಾಟು ಮತ್ತು ಆನ್‌ಲೈನ್ ಎರಡನ್ನೂ ಊರಲ್ಲಿರುವಾಗಲೇ ಆನ್ ಮಾಡಿ, ಯಾಕೆಂದರೆ ಒಟಿಪಿ ಬರುವ ಭಾರತದ ಸಿಮ್ ಅಲ್ಲಿ ರೋಮಿಂಗ್ ಇಲ್ಲದೆ ಮಲಗಿರುತ್ತದೆ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು, ವಾಹನಗಳು ಬಲಬದಿಯಲ್ಲಿ ಓಡುತ್ತವೆ. ಕೆಂಪು ದೀಪ ಇದ್ದರೂ ಬಲಕ್ಕೆ ತಿರುಗುವ ಕಾರುಗಳು ಬರುತ್ತವೆ. ಸದ್ದೇ ಇಲ್ಲದ ಎಲೆಕ್ಟ್ರಿಕ್ ಸ್ಕೂಟರ್ ಮಾತ್ರ ಯಾವ ಕಡೆಯಿಂದಲೂ ಬರಬಹುದು.

ಸಣ್ಣ ಹೋಟೆಲುಗಳು ಮಧ್ಯಾಹ್ನ ಎರಡರಿಂದ ಐದರವರೆಗೆ ಒಲೆ ಆರಿಸುತ್ತವೆ. ಆ ಹೊತ್ತಿಗೆ ಚಹಾ ಮನೆ. ಪೀಪಲ್ಸ್ ಪಾರ್ಕಿನ ಹಮಿಂಗ್ ಚಹಾ ಮನೆ 1923ರಿಂದ ನಡೆಯುತ್ತಿದೆ. ಬಿದಿರಿನ ಕುರ್ಚಿ, ಮುಚ್ಚಳ ಬಟ್ಟಲು ತಟ್ಟೆ ಮೂರೂ ಇರುವ ಗಾಯ್‌ವಾನ್, ಮಲ್ಲಿಗೆ ಚಹಾ. ಹಾಲು, ಸಕ್ಕರೆ ಕೇಳಬೇಡಿ. ಒಮ್ಮೆ ಕೊಟ್ಟ ಹಣಕ್ಕೆ ಬಿಸಿನೀರು ಮತ್ತೆ ಮತ್ತೆ ಬರುತ್ತದೆ. ತಟ್ಟೆಯ ಸಮೇತ ಎತ್ತಿ ಹಿಡಿಯಿರಿ, ಬಟ್ಟಲನ್ನೇ ಹಿಡಿದರೆ ಬೆರಳು ಸುಡುತ್ತದೆ. ಮುಚ್ಚಳವನ್ನು ಚೂರೇ ಓರೆ ಮಾಡಿ ಎಲೆ ಬಾಯಿಗೆ ಬಾರದಂತೆ ತಡೆದು ಹೀರಬೇಕು. ಪೂರ್ತಿ ಖಾಲಿ ಮಾಡದೆ ಮೂರರಲ್ಲೊಂದು ಪಾಲು ಉಳಿಸಿದರೆ ಮುಂದಿನ ನೀರಿಗೂ ರುಚಿ ಇಳಿಯುತ್ತದೆ. ಬಿಸಿನೀರು ಬೇಕಾದಾಗ ಮುಚ್ಚಳ ತೆಗೆದು ಪಕ್ಕಕ್ಕಿಡಿ, ಕೆಟಲ್ ಹಿಡಿದವರು ಬಂದು ತುಂಬಿಸುತ್ತಾರೆ.