ಫಾರ್ಮ್ಯಾಟ್ ಮಾಡಿ ಅಂತ ವಿಂಡೋಸ್ ಹೇಳಿದರೂ ಮಾಡಬೇಡಿ: ಹಳೆಯ ಡಿಟಿಪಿ ಕಂಪ್ಯೂಟರಿನ ಡಿಸ್ಕ್ ತೆರೆದ ನನ್ನ ಅನುಭವ

ಮಾವನ ಡಿಟಿಪಿ ಅಂಗಡಿ ಮುಚ್ಚಿ ಬಹಳ ವರ್ಷವಾಗಿದೆ. ಊರಿನ ಜಾತ್ರೆ ಕರಪತ್ರ, ಸಂಘಗಳ ಸ್ಮರಣ ಸಂಚಿಕೆ, ಮದುವೆ ಕಾಗದ ಎಲ್ಲ ಇದ್ದದ್ದು ಅಲ್ಲಿನ ಎಕ್ಸ್‌ಪಿ ಕಂಪ್ಯೂಟರಿನ 40 ಜಿಬಿ ಹಾರ್ಡ್‌ಡಿಸ್ಕಿನಲ್ಲಿ. ಅದರ ಡಿ ಡ್ರೈವ್ ತೆರೆಯಲು ಹೋದರೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ ಬರುತ್ತಿತ್ತು. ಹೌದು ಅಂತ ಒತ್ತಲು ಒಂದು ಕ್ಲಿಕ್ ಸಾಕು. ಆದರೆ ಆ ಸಂದೇಶ ಬಂತು ಅಂದರೆ ಫೈಲ್‌ಗಳು ಹೋದವು ಅಂತಲ್ಲ. ಫೈಲ್ ಎಲ್ಲಿದೆ ಅಂತ ಹೇಳುವ ಮಾಹಿತಿ ವಿಂಡೋಸಿಗೆ ಓದಲು ಸಿಗುತ್ತಿಲ್ಲ, ಅಷ್ಟೇ.

ಮೊದಲು ಕಿವಿಗೊಟ್ಟು ಕೇಳಿದೆ. ಡಿಸ್ಕ್ ಒಂದೇ ಸಮನೆ ತಿರುಗುತ್ತಿತ್ತು. ಟಕ್ ಟಕ್ ಅಂತ ಹೊಡೆದುಕೊಳ್ಳುವ ಸದ್ದು ಇದ್ದಿದ್ದರೆ ಅಲ್ಲೇ ಕರೆಂಟ್ ತೆಗೆದು ಡೇಟಾ ರಿಕವರಿ ಲ್ಯಾಬಿಗೆ ಕೊಡುತ್ತಿದ್ದೆ. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಅಂತ ಈಗಲೂ ಹೇಳುವವರಿದ್ದಾರೆ. ದಯವಿಟ್ಟು ಬೇಡ, ಒಳಗೆ ತೇವ ಕೂತರೆ ಉಳಿದದ್ದೂ ಹೋಗುತ್ತದೆ. ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ವಿಂಡೋಸಿನ ಚೆಕ್‌ಡಿಸ್ಕ್ ಕೂಡ ಓಡಿಸಲಿಲ್ಲ. ಅದು ರಿಪೇರಿ ಮಾಡುವ ಹೆಸರಿನಲ್ಲಿ ಸಾಯುತ್ತಿರುವ ಡಿಸ್ಕಿನ ಮೇಲೇ ಬರೆಯುತ್ತದೆ.

ಡಿಸ್ಕ್ ಹಳೆಯ ಐಡಿಇ ಮಾದರಿಯದ್ದು, 40 ಪಿನ್ನಿನದು. ಅದರ ಹಿಂದಿನ ಪುಟ್ಟ ಪಿನ್ ಮುಚ್ಚಳವನ್ನು (ಜಂಪರ್) ಮಾಸ್ಟರ್ ಅಂತ ಗುರುತಿರುವ ಜಾಗಕ್ಕೆ ಹಾಕಿ, ಯುಎಸ್‌ಬಿ ಅಡಾಪ್ಟರಿನಿಂದ ಲಿನಕ್ಸ್ ಲ್ಯಾಪ್‌ಟಾಪಿಗೆ ಜೋಡಿಸಿದೆ. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಅದು ಯುಎಸ್‌ಬಿಯಿಂದ ಸಿಗುವುದಿಲ್ಲ. ಅಡಾಪ್ಟರ್ ಕೊಳ್ಳುವಾಗ ಪವರ್ ಸಪ್ಲೈ ಜೊತೆಗಿರುವುದನ್ನೇ ಕೇಳಿ. ಡಿಸ್ಕ್ ಜೋಡಿಸಿದ ತಕ್ಷಣ ತಾನೇ ಮೌಂಟ್ ಆಗುವ, ಅಂದರೆ ಲಿನಕ್ಸ್ ಅದನ್ನು ತೆರೆದುಕೊಳ್ಳುವ, ಸೆಟ್ಟಿಂಗನ್ನೂ ಮೊದಲೇ ಆಫ್ ಮಾಡಿದ್ದೆ.

ಇಡೀ ಕೆಲಸದ ಜೀವ ಇರುವುದು ಮುಂದಿನ ಹಂತದಲ್ಲಿ. ಫೈಲ್ ಹುಡುಕುವ ಮೊದಲು ಇಡೀ ಡಿಸ್ಕಿನ ನಕಲು ತೆಗೆಯಬೇಕು. ಇದಕ್ಕೆ ಗ್ನು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿದೆ. ಸುಮ್ನೆ ಕಾಪಿ ಮಾಡುವ ತಂತ್ರಾಂಶ ಕೆಟ್ಟ ಸೆಕ್ಟರ್ (ಡಿಸ್ಕಿನ ಒಂದು ಪುಟ್ಟ ತುಂಡು) ಸಿಕ್ಕಲ್ಲೇ ನಿಂತು ಅದನ್ನೇ ಕೆದಕುತ್ತದೆ. ಇದು ಹಾಗಲ್ಲ. ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಓದಿಕೊಳ್ಳುತ್ತದೆ, ಕೆಟ್ಟದ್ದನ್ನು ಹಾರಿಸಿ ಕೊನೆಗೆ ಅಲ್ಲಿಗೆ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಅಂತ ಮ್ಯಾಪ್‌ಫೈಲಿನಲ್ಲಿ ಬರೆದಿಡುತ್ತದೆ. ಹಾಗಾಗಿ ಡಿಸ್ಕ್ ಬಿಸಿಯಾದಾಗ ನಿಲ್ಲಿಸಿ, ಫ್ಯಾನ್ ಗಾಳಿಗಿಟ್ಟು, ತಣ್ಣಗಾದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಿದೆ. ಡಿಡಿರೆಸ್ಕ್ಯೂಗೆ ಟೈಪ್ ಮಾಡುವ ಆದೇಶದಲ್ಲಿ ಮೊದಲು ಹಳೆಯ ಡಿಸ್ಕ್, ಆಮೇಲೆ ನಕಲಿನ ಫೈಲ್, ಕೊನೆಗೆ ಮ್ಯಾಪ್‌ಫೈಲ್ ಬರಬೇಕು. ಈ ಕ್ರಮ ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ನೋಡಿ. ನಕಲು ಇಡುವ ಡಿಸ್ಕ್ ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯದ್ದಾಗಿರಬಾರದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ.

ಕೊನೆಗೆ ಓದಲಾಗದೆ ಉಳಿದದ್ದು ಕೆಲವೇ ಕಿಲೋಬೈಟ್. ಆದರೆ ಡಿ ಡ್ರೈವಿನ ಬೂಟ್ ಸೆಕ್ಟರ್, ಅಂದರೆ ಡ್ರೈವಿನ ರಚನೆ ಹೇಳುವ ಮೊದಲ ಸೆಕ್ಟರ್, ಅದರಲ್ಲೇ ಇತ್ತು. ಆ ಡ್ರೈವ್ ಫ್ಯಾಟ್32 ಮಾದರಿಯದ್ದು. ಫ್ಯಾಟ್32 ತನ್ನ ಬೂಟ್ ಸೆಕ್ಟರಿನ ಇನ್ನೊಂದು ಪ್ರತಿಯನ್ನು ಸಾಮಾನ್ಯವಾಗಿ 6ನೇ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ನಕಲಿಗೆ ಮತ್ತೊಂದು ನಕಲು ಮಾಡಿ, ಕೆಟ್ಟ ಡ್ರೈವಿನ ರಚನೆ ಸರಿಪಡಿಸುವ ಟೆಸ್ಟ್‌ಡಿಸ್ಕ್ ತಂತ್ರಾಂಶದಲ್ಲಿ ತೆರೆದು, ಆ ಪ್ರತಿಯನ್ನು ಮೊದಲಿನ ಜಾಗಕ್ಕೆ ಬರೆಸಿದೆ. ಫೋಲ್ಡರುಗಳು ಹೆಸರು ಸಮೇತ ಕಾಣಿಸಿಕೊಂಡವು! ಇಷ್ಟೂ ಆಗಿದ್ದು ನಕಲಿನ ಮೇಲೆ, ಮೂಲ ಡಿಸ್ಕಿಗೆ ಕೈ ಹಚ್ಚಿಲ್ಲ. ಅಳಿಸಿಹೋಗಿದ್ದ ಕೆಲವು ಫೋಟೋಗಳನ್ನು ಫೋಟೋರೆಕ್ ಎಂಬ ಇನ್ನೊಂದು ತಂತ್ರಾಂಶ ಹುಡುಕಿಕೊಟ್ಟಿತು. ಆದರೆ ಅದು ಫೈಲಿನ ಹೆಸರು ಉಳಿಸುವುದಿಲ್ಲ. ಅದಕ್ಕೇ ಟೆಸ್ಟ್‌ಡಿಸ್ಕ್ ಮೊದಲು, ಫೋಟೋರೆಕ್ ಆಮೇಲೆ.

ಈಗ ನಮ್ಮ ಕನ್ನಡದವರಿಗೇ ಬರುವ ತೊಂದರೆ. ಸಿಕ್ಕ ಪಠ್ಯದ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಚುಕ್ಕೆ, ಗೀಟು. ಮಾವ "ಎಲ್ಲಾ ಹಾಳಾಗಿದೆ ಬಿಡಪ್ಪಾ" ಅಂದರು. ಹಾಳಾಗಿರಲಿಲ್ಲ. ಆಗ ಟೈಪ್ ಮಾಡುತ್ತಿದ್ದದ್ದು ನುಡಿ ಎಂಬ ಕನ್ನಡ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ಕೂರಿಸಿದ ಫಾಂಟ್ ಅದು. ಆ ಫಾಂಟ್ ಹಾಕಿದ ಮೇಲೆ ಸಾಲು ಸಾಲು ಕನ್ನಡ ಮೂಡಿತು. ಎಷ್ಟು ಮನೆಗಳಲ್ಲಿ ಇಂಥ ಫೈಲುಗಳನ್ನು ಕೆಟ್ಟಿವೆ ಅಂತ ಅಳಿಸಿದ್ದಾರೋ, ನೆನೆದರೆ ಸಂಕಟವಾಗುತ್ತದೆ. ಬೇಕಾದ್ದನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ, ಅಂದರೆ ಕನ್ನಡಕ್ಕೇ ಸ್ವಂತ ಸಂಕೇತಗಳಿರುವ ಈಗಿನ ವ್ಯವಸ್ಥೆಗೆ, ಬದಲಿಸಿಕೊಂಡೆ. ಇಲ್ಲದಿದ್ದರೆ ಕನ್ನಡದಲ್ಲಿ ಹುಡುಕಿದಾಗ ಒಂದು ಪದವೂ ಸಿಗುವುದಿಲ್ಲ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪುತ್ತವೆ, ಕೂತು ಓದಿ ತಿದ್ದಬೇಕು. ಪುಟ ವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರಿನ ಫೈಲುಗಳನ್ನು ಲಿಬ್ರೆಆಫೀಸ್ ಡ್ರಾದಲ್ಲಿ ತೆರೆಯಬಹುದು, ವಿನ್ಯಾಸ ಸ್ವಲ್ಪ ಕದಲಿದರೂ ಪಠ್ಯ ಸಿಗುತ್ತದೆ.

ಎಲ್ಲವನ್ನೂ ಎರಡು ಕಡೆ ಇಟ್ಟ ಮೇಲಷ್ಟೇ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದೆ. ಕ್ವಿಕ್ ಅಲ್ಲ, ಪೂರ್ತಿ ಫಾರ್ಮ್ಯಾಟ್. ವಿಸ್ಟಾದಿಂದೀಚಿನ ವಿಂಡೋಸ್ ಇದರಲ್ಲಿ ಇಡೀ ಡ್ರೈವಿಗೆ ಸೊನ್ನೆ ಬರೆಯುತ್ತದೆ. ಹಾಗೆ ಬರೆಯುವಾಗ ಕೆಟ್ಟ ಸೆಕ್ಟರಿನ ಬದಲು ಡಿಸ್ಕ್ ತನ್ನಲ್ಲಿರುವ ಮೀಸಲು ಸೆಕ್ಟರ್ ಬಳಸಿಕೊಳ್ಳುತ್ತದೆ. ಈಗ ಡಿಸ್ಕ್ ಓದುತ್ತದೆ, ಬರೆಯುತ್ತದೆ. ಆದರೂ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಬದಲಾದ ಸೆಕ್ಟರುಗಳ ಲೆಕ್ಕ ಏರಿದೆ. ಅದಕ್ಕೆ ಹಳೆಯ ಕಂಪ್ಯೂಟರಿನಲ್ಲಿ ಎಕ್ಸ್‌ಪಿ ಮತ್ತು ಪೇಜ್‌ಮೇಕರ್ ಓಡಿಸಲು ಮಾತ್ರ ಅದನ್ನು ಹಾಕಿದ್ದೇನೆ. ಉಳಿಸಿಕೊಳ್ಳಬೇಕಾದ ಒಂದು ಫೈಲನ್ನೂ ಅದರಲ್ಲಿ ಇಡುವುದಿಲ್ಲ.